ಟ್ಯಾಂಕಿಗೆ ಕಿವಿ ಇಡುವ ಜಾಗ

ಅಪ್ಪ ತನ್ನ ಮಂಡಿಹಾಸನ್ನು ತಂಗಿಯ ಗಂಡನ ಕೈಗೆ ಕೊಟ್ಟ ದಿನ ನನ್ನ ಹೊಟ್ಟೆಗೆ ಬಿದ್ದ ಬೆಂಕಿ, ಒಂದು ಟ್ಯಾಂಕರ್ ನೀರು ಸುರಿದಿದ್ದರೂ ಆರುತ್ತಿರಲಿಲ್ಲ. ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಹೌದು, ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಚಂದದ ಹೆಸರು ಹುಡುಕುವಷ್ಟು ತಾಳ್ಮೆ ನನಗಿಲ್ಲ.

ಮಂಡಿಹಾಸು ಅಂದರೆ ಮಹಾ ವಸ್ತುವೇನಲ್ಲ. ಹಳೇ ಲಾರಿಯ ಟೈರಿನಿಂದ ಕುಯ್ದು ತೆಗೆದ ರಬ್ಬರಿನ ತುಂಡು. ಅಪ್ಪನ ಮಂಡಿ ಊರಿ ಊರಿ ಅದರಲ್ಲಿ ಅಕ್ಕಪಕ್ಕ ಗುಳಿ ಬಿದ್ದಿವೆ. ಆದರೆ ನಮ್ಮ ಗ್ಯಾರೇಜಿನಲ್ಲಿ ಅದರ ಮೇಲೆ ಮಂಡಿಯೂರುವವರೇ ಯಜಮಾನರು. ಯಾಕೆ ಅನ್ನುವುದನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ.

ನಮ್ಮಲ್ಲಿಗೆ ಬರುವುದೆಲ್ಲ ವಯಸ್ಸಾದ ಗಾಡಿಗಳು. ಹಳೇ ಲಾರಿ, ಹಳೇ ವ್ಯಾನು, ಒಳಗೆ ಮಂಚ, ಒಲೆ, ಕಪಾಟು ಎಲ್ಲ ಇಟ್ಟುಕೊಂಡು ಊರೂರು ಸುತ್ತುವ ಮನೆಗಾಡಿ. ಇವುಗಳಿಗೆ ಬರುವ ದೊಡ್ಡ ಕಾಯಿಲೆ ಫ್ಯುಯೆಲ್ ಪಂಪಿನದು. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿ ಕೂತು, ಅದನ್ನು ಇಂಜಿನ್ನಿಗೆ ತಳ್ಳುವ ಮುಷ್ಟಿ ಗಾತ್ರದ ಮೋಟಾರು ಅದು. ಅದು ಸತ್ತರೆ ಎಷ್ಟೇ ದೊಡ್ಡ ಗಾಡಿಯಾದರೂ ರಸ್ತೆ ಬದಿಯ ಬಂಡೆಗೆ ಸಮ. ಕೀ ಅರ್ಧ ತಿರುಗಿಸಿದಾಗ, ಇಂಜಿನ್ ಎದ್ದೇಳುವ ಮೊದಲು, ಈ ಪಂಪು ಒಂದು ಕ್ಷಣ 'ಗುಂಯ್' ಅಂದು ಸುಮ್ಮನಾಗುತ್ತದೆ. ಆ ಒಂದು ಕ್ಷಣದಲ್ಲೇ ಅದರ ಆರೋಗ್ಯ ತಿಳಿಯಬೇಕು. ಈಗಿನ ಗಾಡಿಗಳಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ ನೋಡಬಹುದು. ನಮ್ಮ ಮುದುಕ ಗಾಡಿಗಳಲ್ಲಿ ಎಷ್ಟಕ್ಕೋ ಗೇಜ್ ಸಿಕ್ಕಿಸುವ ಜಾಗವೇ ಇರುವುದಿಲ್ಲ.

ಹಾಗಾಗಿ ನಮ್ಮಲ್ಲಿ ಕೆಲಸ ಇಬ್ಬರದು. ಒಬ್ಬರು ಕೀಗೆ, ಒಬ್ಬರು ಕಿವಿಗೆ. ನಾನು ಕ್ಯಾಬಿನ್ ಹತ್ತಿ ಕೀ ತಿರುಗಿಸುವವಳು. ಅಪ್ಪ ಹಿಂದೆ ಮಂಡಿಹಾಸಿನ ಮೇಲೆ ಕೂತು ಟ್ಯಾಂಕಿಗೆ ಕಿವಿ ಒತ್ತುವವನು. ಕೇಳಿಸಿಕೊಂಡು ಎದ್ದು ನಿಂತು ಅವನು ಒಂದೇ ಮಾತು ಹೇಳುತ್ತಾನೆ: "ಉಸಿರಿದೆ," ಇಲ್ಲವೇ "ಉಸಿರಿಲ್ಲ." ಅಷ್ಟು ಹೇಳಿದ ಮೇಲೆ ಮುಗಿಯಿತು. ಆ ಮಾತು ಸುಳ್ಳಾಗಿದ್ದನ್ನು ಯಾರೂ ನೋಡಿರಲಿಲ್ಲ. ಎಲ್ಲೆಲ್ಲಿಂದಲೋ ಗಾಡಿ ಎಳೆಸಿಕೊಂಡು ಬರುವ ಡ್ರೈವರುಗಳು ಅಪ್ಪನನ್ನು ಕರೆಯುವುದೇ 'ಕಿವಿಯಜ್ಜ' ಅಂತ. ನನ್ನನ್ನು ಏನಂತ ಕರೆಯುತ್ತಾರೆ? 'ಕಿವಿಯಜ್ಜನ ಮಗಳು.' ಅಷ್ಟೇ.

ಹದಿಹರೆಯದಲ್ಲಿ ಹತ್ತಿದ ಕ್ಯಾಬಿನ್ ಅದು. ನನ್ನ ಕೂದಲು ನರೆಯುವುದಕ್ಕೆ ಶುರುವಾದರೂ ಅಪ್ಪ ನನ್ನನ್ನು ಅಲ್ಲಿಂದ ಕೆಳಗಿಳಿಸಲಿಲ್ಲ. "ಅಪ್ಪಾ, ಇವತ್ತು ನಾನು ಕೇಳಿಸ್ಕೊಳ್ಲಾ?" ಅಂದರೆ, "ನೀನು ಕೀ ಹತ್ರ ಇರು. ಮೊದ್ಲು ಕನ್ನಡಿ ಸರಿ ಮಾಡ್ಕೋ" ಅನ್ನುವುದು. ಪಕ್ಕದ ಕನ್ನಡಿಯಲ್ಲಿ ಹಿಂದೆ ಇರುವವನು ಕಾಣದೆ ಕೀ ಮುಟ್ಟಬಾರದು, ಅದು ಅವನ ಕಾನೂನು. ಯಾರದಾದರೂ ಕೈಕಾಲು ಗಾಡಿ ಕೆಳಗಿದ್ದರೆ ಅನ್ನುವ ಎಚ್ಚರಿಕೆ ಅಂದುಕೊಂಡಿದ್ದೆ. ಕನ್ನಡಿಯ ವಿಷಯಕ್ಕೆ ಅವನು ಎಷ್ಟು ಸಲ ಗೊಣಗಿದ್ದಾನೋ ಲೆಕ್ಕವಿಲ್ಲ. ಇರಲಿ, ಇವತ್ತಲ್ಲ ನಾಳೆ ಆ ಜಾಗ ನನ್ನದೇ ತಾನೆ, ಇನ್ನಾರು ಇದ್ದಾರೆ ಅಂತ ನಾನೂ ಸುಮ್ಮನಿದ್ದೆ.

ಇದ್ದರಲ್ಲ, ಅಳಿಯದೇವರು!

ತಂಗಿಯ ಗಂಡನಿಗೆ ನಾನಿಟ್ಟ ಹೆಸರು ಅದು. ನೀರಿನ ಫಿಲ್ಟರ್ ಮಾರುವ ಕಂಪನಿಯಲ್ಲಿದ್ದ. ಕಂಪನಿ ಬಾಗಿಲು ಹಾಕಿತು, ಇವನು ನಮ್ಮ ಬಾಗಿಲಿಗೆ ಬಂದ. ಬಂದವನಿಗೆ ಅಪ್ಪನ ಉಪಚಾರ ನೋಡಬೇಕು. ನನಗೆ "ಲೇ, ಹದಿಮೂರರ ಸ್ಪ್ಯಾನರ್ ಎಲ್ಲಿ ಹಾಕ್ದೆ?" ಅವನಿಗೆ "ಅಳಿಯಂದ್ರೇ, ಬಿಸಿಲಿದೆ, ನೆರಳಿಗೆ ಬನ್ನಿ." ಅವನೋ ಬಾಯಿ ಬಿಟ್ಟರೆ ಬೆಣ್ಣೆ. "ಮಾವ, ನಿಮ್ಮ ಕೈಯಲ್ಲಿ ಏನೋ ಇದೆ ಮಾವ." ನಾನು ಹಲ್ಲು ಕಡಿದುಕೊಂಡು ಗ್ರೀಸ್ ಒರೆಸಿಕೊಳ್ಳುತ್ತಿದ್ದೆ. ಅವನು ಕೆಟ್ಟವನಾಗಿದ್ದಿದ್ದರೆ ಎಷ್ಟೋ ಸುಲಭವಿತ್ತು. ಹಾಳಾದವನು ಒಳ್ಳೆಯವನು.

ಹೀಗಿರುವಾಗ ನರ್ಸಮ್ಮನ ಮನೆಗಾಡಿ ಬಂತು. ಆಸ್ಪತ್ರೆ ಕೆಲಸದಿಂದ ನಿವೃತ್ತಳಾದವಳು, ಗಟ್ಟಿ ಹೆಂಗಸು. ಜೊತೆಗೆ ಕಡಿಮೆ ಮಾತಿನ ಗಂಡ, ಕಿಟಕಿಯಲ್ಲಿ ಒಂದು ಹೂವಿನ ಕುಂಡ. ಬೆಟ್ಟದಾಚೆಯ ಊರಿನಲ್ಲಿ ಮಗಳು ಹೆತ್ತಿದ್ದಾಳೆ, ಮೊಮ್ಮಗುವನ್ನು ನೋಡಲು ಹೊರಟಿದ್ದಾರೆ. "ಬೆಳಿಗ್ಗೆ ಚೆನ್ನಾಗೇ ಓಡುತ್ತೆ ಅಜ್ಜ, ಬಿಸಿಲೇರಿದ ಮೇಲೆ ಏರು ಬಂತು ಅಂದ್ರೆ ಕೆಮ್ಮಿ ಕೆಮ್ಮಿ ನಿಂತ್ಬಿಡುತ್ತೆ. ಒಂದಿಷ್ಟು ಹೊತ್ತು ಬಿಟ್ರೆ ಮತ್ತೆ ಓಡುತ್ತೆ. ಥೇಟ್ ನಮ್ಮೆಜಮಾನ್ರ ಹಾಗೆ" ಅಂದಳು. ಯಜಮಾನರು ನಕ್ಕರು.

ಗಾಡಿಯ ಸುತ್ತ ಒಂದು ಸುತ್ತು ಬಂದು ಅಪ್ಪ ನಮ್ಮ ಕಡೆ ತಿರುಗಿದ. "ಇದೇ ನನ್ನ ಕೊನೇ ಗಾಡಿ. ಇದಾದ್ಮೇಲೆ ನಾನು ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ. ಮುಂದೆ ಗ್ಯಾರೇಜ್ ಮಾತು ಯಾರದ್ದು ಅಂತ ಗಾಡಿ ಹೊರಟ ದಿನ ಹೇಳ್ತೀನಿ."

ಬಂತು, ಕೊನೆಗೂ ಬಂತು ಅಂದುಕೊಂಡು ಅವನ ಕಡೆ ಹೆಜ್ಜೆ ಇಟ್ಟೆ. ಅಪ್ಪ ಗೋಡೆಯ ಮೊಳೆಯಿಂದ ಮಂಡಿಹಾಸು ತೆಗೆದ, ಧೂಳು ಕೊಡವಿದ, ನನ್ನ ಮುಂದಿನಿಂದಲೇ ಹಾಯ್ದುಹೋಗಿ ಅಳಿಯದೇವರ ಕೈಗಿಟ್ಟ.

"ಅಳಿಯಂದ್ರೇ, ಇವತ್ತು ನೀವು ಕೇಳಿಸ್ಕೊಳ್ಳಿ. ನನ್ನ ಮಂಡಿ ಬಗ್ತಿಲ್ಲ. ಲೇ, ನೀನು ಹತ್ತು. ಕನ್ನಡಿ ಸರಿ ಮಾಡ್ಕೋ."

ನಾನು ಹತ್ತಿದೆ. ಬಾಗಿಲನ್ನು ಧಡಾರನೆ ಎಳೆದೆ, ಕುಂಡದ ಹೂವು ಒಂದು ಉದುರಿತು. ಕನ್ನಡಿಯಲ್ಲಿ ನೋಡಿದರೆ ಅಳಿಯದೇವರು ಅಪ್ಪನ ಗುಳಿಗಳಲ್ಲಿ ತನ್ನ ಮಂಡಿ ಕೂರಿಸಿ, ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತವನ ಹಾಗೆ ಟ್ಯಾಂಕಿಗೆ ಕೆನ್ನೆ ಆನಿಸಿದ್ದ. ಅವನ ಪಕ್ಕದಲ್ಲಿ ಅಪ್ಪ ನಿಂತು ನೇರ ಮುಂದಕ್ಕೆ ನೋಡುತ್ತಿದ್ದ. ಕೀ ತಿರುಗಿಸಿದೆ.

ಪಂಪು ಎದ್ದಿತು. ನನಗೆ ಯಾವಾಗಲೂ ಹಾಗೆ, ಅದು ಕಿವಿಗಿಂತ ಮೊದಲು ಸೀಟಿನಿಂದ ಬೆನ್ನಿಗೆ, ಪೆಡಲಿನಿಂದ ಅಂಗಾಲಿಗೆ ತಿಳಿಯುತ್ತದೆ. ಒಳ್ಳೇ ಪಂಪು ಒಮ್ಮೆ ಗುಂಯ್ ಅಂದು, ಪೈಪು ತುಂಬಿದೊಡನೆ ಬಿಗಿಯಾಗಿ ನಿಲ್ಲುತ್ತದೆ. ಇದು ಗೊರಗೊರ ಅಂದು, ಎಳೆದಾಡಿ, ಅರೆಮನಸ್ಸಿನಿಂದ ನಿಂತಿತು. ಒಳಗೆಲ್ಲ ಸವೆದುಹೋಗಿದೆ, ಬಿಸಿಯಾದರೆ ಕೈ ಚೆಲ್ಲುತ್ತದೆ ಅಂತ ನನಗೆ ಅಲ್ಲೇ ಗೊತ್ತಾಯಿತು. ಗೊತ್ತಾಗಿ ಏನು ಮಾಡಲಿ? ನನ್ನನ್ನು ಕೇಳುವವರಾದರೂ ಯಾರು?

"ಉಸಿರಿದೆ ಮಾವ!" ಅಳಿಯದೇವರು ಕೂಗಿದ.

ಅಪ್ಪ ಮುಂದಕ್ಕೆ ನೋಡುತ್ತಲೇ ಒಮ್ಮೆ ತಲೆಯಾಡಿಸಿದ. ಆಮೇಲೆ, "ಉಸಿರೇನೋ ಇದೆ. ದಮ್ಮಿಲ್ಲ. ಪಂಪು ಸವೆದಿದೆ, ಬದಲಾಯಿಸ್ಬೇಕು" ಅಂದ. ನಿಂತಲ್ಲಿಂದಲೇ! ಟ್ಯಾಂಕಿಗೆ ಕಿವಿಯನ್ನೂ ಇಡದೆ! ಅಬ್ಬಬ್ಬಾ, ಇದೆಂಥ ಕಿವಿ ಇವನದು ಅಂತ ನನಗೇ ಮೈ ಜುಂ ಅಂದಿತು. ನರ್ಸಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಪ್ಪ ಅಳಿಯದೇವರ ಬೆನ್ನು ತಟ್ಟಿ, "ಪರವಾಗಿಲ್ಲ, ಮೊದಲ್ನೇ ಸಲಕ್ಕೆ ಚೆನ್ನಾಗೇ ಕೇಳಿಸ್ಕೊಂಡ್ರಿ" ಅಂದ. ನನ್ನ ಬೆನ್ನನ್ನು ಅವನು ಕೊನೆಯ ಸಲ ತಟ್ಟಿದ್ದು ನನಗೆ ಬಿಕ್ಕಳಿಕೆ ಬಂದಾಗ.

ಮಧ್ಯಾಹ್ನ ತಂಗಿ ಊಟದ ಡಬ್ಬಿ ತಂದಳು. ಗಂಡನ ತಟ್ಟೆಗೆ ಮೊದಲು ಬಡಿಸಿದಳು.

"ಯಾಕಕ್ಕಾ, ಮುಖ ಊದಿಸ್ಕೊಂಡಿದ್ದೀಯ?"

"ಯಾರು ಊದಿಸ್ಕೊಂಡಿದ್ದಾರೆ? ನನ್ನ ಮುಖ ಇರೋದೇ ಹೀಗೆ."

"ನಿನ್ನ ಮುಖ ನಂಗೊತ್ತಿಲ್ವಾ? ಹೊಟ್ಟೇಲಿರೋದೆಲ್ಲ ಮುಖದ ಮೇಲೆ ಬಂದು ಕೂತಿರುತ್ತೆ. ಚಿಕ್ಕೋಳಿದ್ದಾಗ ನೀನು ಸುಳ್ಳು ಹೇಳಿದ್ರೆ ಅಮ್ಮ ಕೇಳಿಸ್ಕೋತಾನೇ ಇರ್ಲಿಲ್ಲ, ಬರೀ ನೋಡ್ತಿದ್ಲು."

"ಗಂಡನ್ನ ಯಜಮಾನ ಮಾಡೋಕೆ ಬಂದಿದ್ದೀಯಲ್ಲ, ಇನ್ನೇನು. ತಿನ್ಸು ಅವನಿಗೆ."

ತಂಗಿಯ ಕಣ್ಣು ತುಂಬಿಬಂತು. "ಅವ್ರು ಕೆಲ್ಸ ಇಲ್ದೆ ಎಷ್ಟು ಕುಗ್ಗಿಹೋಗಿದ್ರು ಗೊತ್ತಾ ನಿಂಗೆ?" ಅಂದಳು. ನನಗೆ ಅಯ್ಯೋ ಅನ್ನಿಸಿತು. ಅನ್ನಿಸಿದರೇನು, ಉರಿ ಉರಿಯೇ. ಮೂಲೆಯಲ್ಲಿ ಅಳಿಯದೇವರು ಮಂಡಿಹಾಸನ್ನು ಸೋಪು ಹಾಕಿ ತೊಳೆದು ಒಣಗಲು ಇಟ್ಟಿದ್ದ. ಅಪ್ಪನ ಆಯುಷ್ಯದ ಕೊಳೆಯನ್ನೆಲ್ಲ ಒಂದೇ ಏಟಿಗೆ ತೊಳೆದುಬಿಟ್ಟ ಮಹರಾಯ.

ಪಂಪು ಬದಲಾಯಿಸುವುದು ಮನೆಗಾಡಿಯಲ್ಲಿ ಸಣ್ಣ ಕೆಲಸವಲ್ಲ. ಟ್ಯಾಂಕು ಇರುವುದು ಸರಿಯಾಗಿ ಮಂಚದ ಕೆಳಗೆ. ಪೆಟ್ರೋಲನ್ನೆಲ್ಲ ಬಸಿದು, ಪಟ್ಟಿ ಬಿಚ್ಚಿ, ಜ್ಯಾಕಿನ ಮೇಲೆ ಟ್ಯಾಂಕನ್ನು ನಿಧಾನಕ್ಕೆ ಇಳಿಸಿದೆವು. ಇಳಿಸಿ ದೂರ ಒಯ್ದ ಮೇಲೆ ನಾನು ನರ್ಸಮ್ಮನಿಗೆ ಹೇಳಿದೆ: "ಮಂಚದ ಕೆಳಗೆ ಹಲಗೇಲಿ ಒಂದು ಮುಚ್ಚಳ ಮಾಡ್ಕೊಡ್ತೀನಿ. ಮುಂದೆ ಪಂಪು ಕೆಟ್ರೆ ಟ್ಯಾಂಕ್ ಇಳಿಸೋ ಗೋಳು ಇರಲ್ಲ."

"ನನ್ನ ಮಂಚದ ಕೆಳಗೆ ತೂತು ಕೊರೀತೀಯಾ? ಇವ್ರು ಬಿದ್ಹೋದ್ರೆ?"

"ಬಿದ್ರೆ ಟ್ಯಾಂಕ್ ಮೇಲೇ ಬೀಳ್ತಾರೆ, ರಸ್ತೆಗೇನೂ ಹೋಗಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. ನಾನು ಕೈಗರಗಸ ಹಿಡಿದು ಹಲಗೆ ಕುಯ್ದೆ. ಕೆಳಗೆ ಅಳಿಯದೇವರು ಹೊಸ ಪಂಪನ್ನು ಅದರ ಪುಟ್ಟ ಪೈಪಿಗೆ ಸೇರಿಸಿ ಕ್ಲಿಪ್ಪು ಬಿಗಿದ. ಅಪ್ಪ ಪಕ್ಕದಲ್ಲಿ ಕೂತು ಮಗುವಿಗೆ ಅಕ್ಷರ ಕಲಿಸುವವನ ಹಾಗೆ ತೋರಿಸಿಕೊಡುತ್ತಿದ್ದ. ನನ್ನ ಗರಗಸ ಅವತ್ತು ಬೇಕಾದ್ದಕ್ಕಿಂತ ಜೋರಾಗಿಯೇ ಓಡಿತು.

ಟ್ಯಾಂಕು ಮತ್ತೆ ಏರಿತು, ಪೆಟ್ರೋಲ್ ತುಂಬಿತು. ಇನ್ನು ಕೊನೆಯ ಸಲ ಕೇಳಿಸಿಕೊಳ್ಳುವುದೊಂದು ಬಾಕಿ. ಗಾಡಿ ಹೊರಟರೆ ಅಪ್ಪ ಹೆಸರು ಹೇಳುತ್ತಾನೆ. ಆಚೀಚೆ ಅಂಗಡಿಯವರೂ ಬಂದು ನಿಂತಿದ್ದರು. ಕಿವಿಯಜ್ಜನ ಕೊನೇ ಗಾಡಿ ಅಂತ ಸುದ್ದಿ ಹರಡಿತ್ತು.

ಅಳಿಯದೇವರು ಮಂಡಿಹಾಸು ಹಾಸಿದ. ಅದನ್ನು ನೋಡಿದ್ದೇ ನನ್ನೊಳಗೆ ಏನೋ ಪಟ್ಟನೆ ಕಿತ್ತುಹೋಯಿತು. ಕೀ ತೆಗೆದುಕೊಂಡು ಹೋಗಿ ಅವನ ಅಂಗೈಯಲ್ಲಿ ಕುಕ್ಕಿದೆ.

"ನೀವು ಹತ್ತಿ. ಇವತ್ತು ಕಿವಿ ನಂದು."

"ಅಕ್ಕಾ, ಮಾವ ಹೇಳಿದ್ದು..."

"ಮಾವ ಹೇಳಿದ್ದು ಸಾಕು. ಈ ಜನ್ಮಕ್ಕೆ ಸಾಕಾಗುವಷ್ಟು ಕೀ ತಿರುಗಿಸಿದ್ದೀನಿ ನಾನು."

ಅಪ್ಪನ ಮುಖ ಬಿಳಿಚಿತು. "ಬೇಡ ಮಗಳೇ. ನೀನು ಮೇಲೆ ಹತ್ತು" ಅಂದ. ಅವನು ನನ್ನನ್ನು ಮಗಳೇ ಅನ್ನುವುದು ಜ್ವರ ಬಂದಾಗ ಮಾತ್ರ. ಅಷ್ಟರಮಟ್ಟಿಗೆ ನನ್ನನ್ನು ಆ ಜಾಗದಿಂದ ದೂರ ಇಡಬೇಕಾ ಇವನಿಗೆ ಅಂತ ಇನ್ನೂ ಉರಿಯಿತು. ನಾನು ಮಂಡಿಯೂರಿದೆ. ಗುಳಿಗಳು ನನ್ನ ಮಂಡಿಗೆ ದೊಡ್ಡವಾದವು. ಟ್ಯಾಂಕಿಗೆ ಕಿವಿ ಒತ್ತಿದೆ.

ಅಳಿಯದೇವರು ಕೀ ತಿರುಗಿಸಿದ. ಗುಂಯ್ ಅಂದಿತು. ಆದರೆ ಎಂಥ ಗುಂಯ್ ಅದು! ಟ್ಯಾಂಕಿನೊಳಗೆ ಪೆಟ್ರೋಲು ಹೊಯ್ದಾಡುವ ಸದ್ದು, ತಗಡಿನ ಪ್ರತಿಧ್ವನಿ, ನನ್ನದೇ ಕಿವಿಯ ರಕ್ತದ ಸದ್ದು ಎಲ್ಲ ಕಲಸಿ ಹೋಗಿತ್ತು. ಸೀಟಿನಲ್ಲಿ ಕೂತಾಗ ಬೆನ್ನಿಗೆ ತಿಳಿಯುವ ಬಿಗಿತ, ಸಡಿಲ ಒಂದೂ ಇಲ್ಲಿ ಇಲ್ಲ. ಪಂಪು ತಿರುಗುತ್ತಿದೆ ಅನ್ನುವುದಷ್ಟೇ ಗೊತ್ತಾಯಿತು. ಇಷ್ಟರಲ್ಲಿ ಅಪ್ಪ ಅಷ್ಟೆಲ್ಲ ಹೇಗೆ ಹೇಳುತ್ತಿದ್ದ? ನನಗೇ ಕಿವಿಯಿಲ್ಲ, ಅದಕ್ಕೇ ಅವನು ನನ್ನನ್ನು ಕೂರಿಸಲಿಲ್ಲ ಅನ್ನಿಸಿತು. ಅಷ್ಟು ಜನರ ಮುಂದೆ ಗೊತ್ತಾಗಲಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

"ಉಸಿರಿದೆ" ಅಂದೆ.

ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಕನ್ನಡಿಯ ಕಡೆ ನೋಡುತ್ತಿದ್ದ. ಕನ್ನಡಿಯಲ್ಲಿ ಅಳಿಯದೇವರು ಎಂದಿನ ಹಾಗೆ ಹಲ್ಲು ಬಿಟ್ಟುಕೊಂಡಿದ್ದ. ಅಪ್ಪ ಗಂಟಲು ಸರಿಮಾಡಿಕೊಂಡು, "ಉಸಿರಿದೆ. ಹೊರಡಿ" ಅಂದ.

ನರ್ಸಮ್ಮ ಕೈ ಬೀಸಿ ಹೊರಟಳು. ಗ್ಯಾರೇಜಿನ ಮುಂದಿನ ರಸ್ತೆ ಅಂಗಡಿ ಸಾಲು ದಾಟಿದ ಮೇಲೆ ಏರು. ಗಾಡಿ ಅರ್ಧ ಏರಿತು, ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರನ್ ಹೊಡೆಯಲು ಶುರು ಮಾಡಿದವು. ನರ್ಸಮ್ಮ ಕೆಳಗಿಳಿದು ಸೊಂಟಕ್ಕೆ ಕೈ ಕೊಟ್ಟು ನಮ್ಮ ಕಡೆಗೇ ನೋಡುತ್ತಿದ್ದಳು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು, "ಕಿವಿಯಜ್ಜನ ಕಿವೀಗೂ ವಯಸ್ಸಾಯ್ತು ಬಿಡಿ" ಅಂದರು. ಅಪ್ಪ ತಲೆ ತಗ್ಗಿಸಿದ. ಅವನು ತಲೆ ತಗ್ಗಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಗಾಡಿಯನ್ನು ತಳ್ಳಿಕೊಂಡು ವಾಪಸ್ ತಂದೆವು. ಹೊಸ ಮುಚ್ಚಳ ಅವತ್ತೇ ಕೆಲಸಕ್ಕೆ ಬಂತು. ತೆಗೆದು ನೋಡಿದರೆ ಕ್ಲಿಪ್ಪು ಸಡಿಲ. ಪಂಪು ತಿರುಗುತ್ತಿದೆ, ಅದು ತಳ್ಳಿದ ಪೆಟ್ರೋಲಿನಲ್ಲಿ ಅರ್ಧಕ್ಕರ್ಧ ಮತ್ತೆ ಟ್ಯಾಂಕಿಗೇ ಸುರಿಯುತ್ತಿದೆ. ಸಿಕ್ಕಿಬಿದ್ದೆಯಾ ಅಂದುಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಅಳಿಯದೇವರೇ, "ನಂದೇ ತಪ್ಪು ಅಕ್ಕ, ಅರ್ಧಂಬರ್ಧ ಬಿಗಿದ್ಬಿಟ್ಟೆ" ಅಂದ. ಬೈಯುವ ಸುಖವೂ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ಉಸಿರಿದೆ ಅಂದವಳು ನಾನು ತಾನೆ, ಯಾವ ಬಾಯಲ್ಲಿ ಬೈಯಲಿ?

ಕ್ಲಿಪ್ಪು ಬಿಗಿಯಲು ಅವನನ್ನು ಬಿಟ್ಟು ಅಪ್ಪನನ್ನು ಹುಡುಕಿಕೊಂಡು ಹೋದೆ. ಟೈರುಗಳ ಹಿಂದೆ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ.

"ಅಪ್ಪಾ, ನನಗೆ ಕಿವಿ ಇಲ್ಲ ಅಂತ ನಿನಗೆ ಮೊದ್ಲೇ ಗೊತ್ತಿತ್ತಾ? ಅದಕ್ಕೇನಾ ಅವನಿಗೆ ಕೊಟ್ಟಿದ್ದು?"

"ಕಿವಿ ಇಲ್ದೇ ಇರೋದು ನಂಗೆ."

ನಾನು ಪಿಳಿಪಿಳಿ ನೋಡಿದೆ.

"ಮಾತು ಕೇಳ್ಸುತ್ತೆ, ಹಾರನ್ ಕೇಳ್ಸುತ್ತೆ. ಆ ಸಣ್ಣ ಗುಂಯ್ ಕೇಳ್ಸಲ್ಲ. ಅದು ಹೋಗಿ ಯಾವ ಕಾಲವೋ ಆಯ್ತು. ನಿಮ್ಮಮ್ಮ ಇದ್ದಾಗ್ಲೇ."

"ಮತ್ತೆ ಇಷ್ಟು ವರ್ಷ? ಹೇಗೆ ಹೇಳ್ತಿದ್ದೆ?"

"ಕನ್ನಡೀಲಿ ನಿನ್ನ ಮುಖ ನೋಡಿ ಹೇಳ್ತಿದ್ದೆ." ಅವನು ಬೆರಳಿನಿಂದ ತನ್ನ ಮೂಗು, ಹುಬ್ಬು ಮುಟ್ಟಿ ತೋರಿಸಿದ. "ಪಂಪು ಸತ್ತಿದ್ರೆ ನಿನ್ನ ತುಟಿ ಕೆಳಗಿಳಿಯುತ್ತೆ. ಸವೆದಿದ್ರೆ ಮೂಗು ಸುಕ್ಕಾಗುತ್ತೆ, ಹಳಸಿದ್ದು ಮೂಸಿ ನೋಡ್ದೋಳ ಹಾಗೆ. ಚೆನ್ನಾಗಿದ್ರೆ ಹುಬ್ಬು ಸಡಿಲ ಬಿಡ್ತೀಯ. ಒಂದು ಸಲಾನೂ ತಪ್ಪಿಲ್ಲ ನೀನು. ಇವತ್ತು ನೀನು ಕೆಳಗಿಳಿದುಬಿಟ್ಟೆ. ಕನ್ನಡೀಲಿ ಅಳಿಯಂದ್ರು, ಪಾಪ, ಎಲ್ಲದಕ್ಕೂ ಒಂದೇ ಮುಖ."

ನನಗೆ ಖುಷಿಯಾಗಬೇಕಿತ್ತು ಅಲ್ಲವೇ? ಆಗಲಿಲ್ಲ. ಮೈಯೆಲ್ಲ ಹೊತ್ತಿಕೊಂಡಿತು. ಅಳಿಯದೇವರ ಮೇಲಿದ್ದ ಉರಿ ಎಳ್ಳಷ್ಟು. ಈಗ ಎದ್ದಿದ್ದು ಅಪ್ಪನ ಮೇಲಿನದು. ಲಾರಿಯವರು ಕೈ ಮುಗಿದಿದ್ದು, ಕಿವಿಯಜ್ಜ ಕಿವಿಯಜ್ಜ ಅಂತ ಹೊಗಳಿದ್ದು, ಎಲ್ಲವೂ ನನ್ನ ಬೆನ್ನಿಗೆ, ನನ್ನ ಅಂಗಾಲಿಗೆ ಸೇರಬೇಕಾದದ್ದು. ನಾನು ಕ್ಯಾಬಿನ್ನಿನಲ್ಲಿ ಕೂತು ಅವನನ್ನು ನೋಡಿ ಕರುಬಿದ್ದೆಲ್ಲ ನನ್ನದನ್ನೇ ನೋಡಿ ಕರುಬಿದ್ದು.

"ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ನನಗೋಸ್ಕರ ಮುಖ ಮಾಡೋಕೆ ಶುರು ಮಾಡ್ತಿದ್ದೆ. ಆಮೇಲೆ ಅದನ್ನ ನಂಬೋಕಾಗ್ತಿರ್ಲಿಲ್ಲ." ನೆಲ ನೋಡುತ್ತ, "ಅದೂ ಸುಳ್ಳು. ನಾಚ್ಕೆ ಆಗ್ತಿತ್ತು" ಅಂದ. "ಅಳಿಯಂದ್ರನ್ನ ಅಲ್ಲಿ ಕೂರಿಸಿದ್ದು ಯಾಕೆ ಗೊತ್ತಾ? ಟ್ಯಾಂಕ್ ಹತ್ರ ಯಾರು ಕೂತ್ರೂ ನಡೆಯುತ್ತೆ. ಕೀ ಹತ್ರ ನಿನ್ನ ಬಿಟ್ಟು ಯಾರು ಕೂತ್ರೂ ಆಗಲ್ಲ."

ನಾನು ತಿರುಗಿ ಗಾಡಿಯ ಹತ್ತಿರ ಬಂದೆ. ಕ್ಲಿಪ್ಪು ಬಿಗಿದು ಮುಗಿದಿತ್ತು. ಏರಿನಲ್ಲಿ ಗಾಡಿ ನಿಂತದ್ದನ್ನು ನೋಡಿದ ಗುಂಪು ಈಗ ಇನ್ನೂ ದೊಡ್ಡದಾಗಿತ್ತು. ಅಳಿಯದೇವರು ಏನೂ ಕೇಳದೆ ಕೀಯನ್ನು ನನ್ನ ಕೈಗಿಟ್ಟು ಮಂಡಿಹಾಸಿನ ಮೇಲೆ ಕೂತ. ಅಪ್ಪ ಬಂದು ತನ್ನ ಜಾಗದಲ್ಲಿ ನಿಂತ. ನಾನು ಹತ್ತಿದೆ, ಕಿಟಕಿಯಿಂದ ಕೈ ಚಾಚಿ ಕನ್ನಡಿಯನ್ನು ಆಚೆಗೆ ತಿರುಗಿಸಿಬಿಟ್ಟೆ.

ಬೇಕಂತಲೇ ತಿರುಗಿಸಿದೆ. ಈಗ ಹೇಳು ನೋಡೋಣ, ಕಿವಿಯಜ್ಜ.

ಕೀ ತಿರುಗಿಸಿದೆ. ಗುಂಯ್ ಅಂದು, ಪೈಪು ತುಂಬಿ, ಹಿಡಿದು ನಿಲ್ಲಿಸಿದ ಹಾಗೆ ಬಿಗಿಯಾಗಿ ನಿಂತಿತು. ಬೆನ್ನು ಹುರಿಯವರೆಗೂ ತಿಳಿಯಿತು. "ಉಸಿರಿದೆ ಮಾವ" ಅಂದ ಅಳಿಯದೇವರು, ಈ ಸಲ ಮೆಲ್ಲಗೆ. ಗುಂಪು ಅಪ್ಪನ ಮಾತಿಗೆ ಕಾದಿತು. ನಾನು ಕಿಟಕಿಯಿಂದ ಕತ್ತು ಹೊರಳಿಸಿ ಹಿಂದೆ ನೋಡಿದೆ. ಅಪ್ಪ ಆ ತಿರುಗಿದ ಕನ್ನಡಿಯನ್ನೇ ನೋಡುತ್ತ ನಿಂತಿದ್ದ. ಅದರಲ್ಲಿ ಅವನಿಗೆ ಎದುರು ಅಂಗಡಿಯ ಬೋರ್ಡು ಕಾಣುತ್ತಿದ್ದಿರಬೇಕು. ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಗುಂಡಿ ಹಿಡಿದುಕೊಂಡಿದ್ದ.

ಥೂ ನನ್ನ ಜನ್ಮಕ್ಕೆ ಅಂದುಕೊಂಡು ಕೈ ಚಾಚಿ ಕನ್ನಡಿಯನ್ನು ಈ ಕಡೆಗೆ ತಿರುಗಿಸಿದೆ. ಅದರಲ್ಲಿ ಅಪ್ಪ ಬಂದ. ಅವನಿಗೆ ನಾನು ಕಂಡೆ ಅನ್ನುವುದು ಅವನ ಕಣ್ಣಿನಿಂದಲೇ ಗೊತ್ತಾಯಿತು. ನನ್ನ ಮುಖ ಹೇಗಿತ್ತೋ ಏನೋ, ಒದ್ದೆಯಂತೂ ಆಗಿತ್ತು. ನಾನು ಅದನ್ನು ಅವನಿಗೆ ಓದಲು ಬಿಡಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಬೀದಿಗೆಲ್ಲ ಕೇಳುವ ಹಾಗೆ ನಾನೇ ಕೂಗಿದೆ:

"ಉಸಿರಿದೆ! ದಮ್ಮೂ ಇದೆ!"

ಕ್ಯಾಬಿನ್ನಿನಿಂದ ಮಾತು ಬಂದದ್ದು ನಮ್ಮ ಗ್ಯಾರೇಜಿನಲ್ಲಿ ಅದೇ ಮೊದಲು. ಗುಂಪಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅಭ್ಯಾಸಬಲದಿಂದ ಅಪ್ಪನ ಕಡೆ ತಿರುಗಿದರು. ನರ್ಸಮ್ಮನೂ ತಿರುಗಿ, "ನೀವೇನಂತೀರಿ ಅಜ್ಜ? ಹೊರಡ್ಲಾ?" ಅಂದಳು.

"ನನ್ನ ಯಾಕಮ್ಮ ಕೇಳ್ತೀರಾ?" ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ನನಗೆ ಪಂಪಿನ ಸದ್ದೇ ಕೇಳ್ಸಲ್ಲ. ಯಾವತ್ತಿನಿಂದಲೋ ಕೇಳ್ಸಲ್ಲ. ನಾನು ಹೇಳ್ತಿದ್ದಿದ್ದೆಲ್ಲ ಅವಳು ಹೇಳಿದ್ದೇ."